ಒಂದು ಹಿಡಿ ಕರಿಹುರಳಿ

ಯಾರನ್ನು ಕಂಡರೂ ಅವರು ಮೊದಲು ರಟ್ಟೆ ಹಿಡಿಯುತ್ತಿದ್ದರು. ಹೆಬ್ಬೆರಳನ್ನೂ ನಡುಬೆರಳನ್ನೂ ಬಳೆಯಂತೆ ಬಾಗಿಸಿ ಎದುರಿಗಿದ್ದವರ ತೋಳಿಗೆ ತೊಡಿಸಿ, ಎರಡು ಬೆರಳ ತುದಿಗಳ ನಡುವೆ ಎಷ್ಟು ಜಾಗ ಉಳಿಯಿತೆಂದು ನೋಡುವುದು. ಜಾಗ ಹೆಚ್ಚಿದ್ದರೆ "ಪರ್ವಾಗಿಲ್ಲ." ಕಡಿಮೆಯಿದ್ದರೆ "ಸಾಲ್ದು." ನಮ್ಮೂರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿ ತಲೆ ನರೆಸಿಕೊಂಡವರು ಅವರು. ಅಲ್ಲಿ ಮಕ್ಕಳ ತೋಳಿಗೆ ಸುತ್ತಿ ನೋಡಲು ಬಣ್ಣದ ಪಟ್ಟಿಯೊಂದಿರುತ್ತದೆ. ಅವರ ಬೆರಳಿಗೆ ಅದು ಬೇಕಿರಲಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೂ ಬೆರಳು ನಿವೃತ್ತವಾಗಲಿಲ್ಲ. ಒಮ್ಮೆ ತಿಪಟೂರಿನ ಬಸ್ಸಿನಲ್ಲಿ ಟಿಕೆಟ್ ಕೊಡಲು ಬಂದ ಕಂಡಕ್ಟರನ ತೋಳು ಹಿಡಿದು, "ಏನಪ್ಪಾ, ನಿಮ್ಮನೇಲಿ ಕಾಳು ಬೇಯ್ಸಲ್ವಾ?" ಎಂದು ಕೇಳಿದರು. ಬಸ್ಸೆಲ್ಲ ನಕ್ಕಿತು. ಪಕ್ಕದಲ್ಲಿ ಕೂತಿದ್ದ ನಾನು ಪರಿಚಯವಿಲ್ಲದವಳಂತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಅದು ಸಣ್ಣ ನಾಚಿಕೆ. ನನ್ನಿಂದ ಅವರಿಗೆ ಆದದ್ದು ಅದಕ್ಕಿಂತ ದೊಡ್ಡದು. ಅವರು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಅದನ್ನು ಬರೆಯಲು ಕೂತಿದ್ದೇನೆ.

ನನ್ನ ತೋಳನ್ನು ಅವರು ಮೊದಲು ಹಿಡಿದದ್ದು ನಾನು ಮದುವೆಯಾಗಿ ಬಂದ ವಾರದಲ್ಲೇ. ನಮ್ಮೂರು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿದೆ. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಹೇಳದೆ ಕೇಳದೆ ಯಾರಾದರೂ ಮುಟ್ಟಿದರೆ ಬೆಚ್ಚುವವಳು. ನಮ್ಮತ್ತೆಯ ಎದುರಿಗೇ ನನ್ನ ರಟ್ಟೆ ಹಿಡಿದು, "ದೊಡ್ಡಮ್ಮಾರೆ, ಸೊಸೆ ಚೆಂದಾಗವ್ಳೆ. ಆದ್ರೆ ಬರೀ ಕಡ್ಡಿ ಕಣ್ರೀ. ಹುಳ್ಳಿಕಟ್ಟು ಕುಡ್ಸಿ" ಎಂದರು. ಹುರಳಿಗೆ ಅವರ ಬಾಯಲ್ಲಿ ಹುಳ್ಳಿ. ಹುರಳಿ ಎಂದರೆ ಕುದುರೆಗೆ ಹಾಕುವುದು ಎಂದು ಶಾಲೆಯಲ್ಲಿ ಗೆಳತಿಯರು ನಗುತ್ತಿದ್ದುದು ನೆನಪಾಗಿ ನನಗೆ ಅಳುವೇ ಬಂತು. ಅತ್ತೆ ಮಾತ್ರ ಅಂದೇ ನೆನೆಹಾಕಿದರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಅವರು ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಆದರೂ ಕಡೆಯವರೆಗೂ ಅವರನ್ನು 'ನೀನು, ಬಾ, ಹೋಗು' ಎಂದೇ ಮಾತಾಡಿಸಿದೆ. ನಮ್ಮ ಮನೆಯಲ್ಲಿ ಹಾಗೇ ನಡೆದುಬಂದಿತ್ತು. ಅವರು ಮಾತ್ರ ನನಗೆ ಮೊದಲ ದಿನದಿಂದಲೂ 'ಅಮ್ಮಾರೆ'. ಈಗ ಬರೆಯುವಾಗ ತಾನಾಗಿ 'ಅವರು' ಎಂದು ಬರುತ್ತಿದೆ. ಕೇಳಿಸಿಕೊಳ್ಳಲು ಅವರಿಲ್ಲ.

ಅವರಿಗೆ ಸ್ವಂತ ಹೊಲವಿರಲಿಲ್ಲ. ನಮ್ಮ ತೋಟದ ತೆಂಗಿನ ಸಾಲುಗಳ ನಡುವೆ ಹುರಳಿ ಬಿತ್ತಿಕೊಳ್ಳುತ್ತಿದ್ದರು. ಅತ್ತೆಯ ಕಾಲದಲ್ಲಿ ಆದ ಬಾಯಿಮಾತು ಅದು: ಕಾಳು ಬಿತ್ತಿದವಳಿಗೆ, ಹೊಟ್ಟು ನಮ್ಮ ಹಸುವಿಗೆ, ಬೇರು ತೆಂಗಿಗೆ. ಎಲ್ಲರ ಹುರಳಿ ಕಂದು ಬಣ್ಣದ್ದಾದರೆ ಅವರದು ಕಪ್ಪು, ಇರುವೆಯ ಬೆನ್ನಿನಂತೆ ಹೊಳೆಯುವ ಕಪ್ಪು. ಹುಳಿಯಾರಿನ ಕಡೆಯ ತವರಿನಿಂದ, ಮದುವೆಯಾದಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದಂತೆ. ಬೇರೆ ಹುರಳಿ ಮರದ ನೆರಳಿನಲ್ಲಿ ಬರೀ ಸೊಪ್ಪು ಬಿಡುತ್ತದೆ. ಇದು ವರ್ಷಾನುವರ್ಷ ನಮ್ಮ ತೋಟದಲ್ಲೇ ಬಿದ್ದು ಎದ್ದು, ನೆರಳಿನಲ್ಲೇ ಕಾಯಿ ಕಟ್ಟುವುದನ್ನು ಕಲಿತುಬಿಟ್ಟಿತ್ತು.

"ನನ್ನಂಗೇ ಕಣ್ರೀ," ಎನ್ನುತ್ತಿದ್ದರು. "ಇನ್ನೊಬ್ರ ಮರದ ಕೆಳಗೆ ಬದುಕೋದು ಗೊತ್ತದಕ್ಕೆ."

ಆ ಎರಡು ಚೀಲ ಕಾಳೇ ಅವರ ವರ್ಷದ ಕಸುವು. ಸಾರು, ಉಸಲಿ, ಮುದ್ದೆಗೆ ಗಟ್ಟಿ ಕಟ್ಟು. ಮೊಳಕೆ ಕಟ್ಟಿದ ದಿನ ಓಣಿಯ ಮಕ್ಕಳಿಗೂ ಒಂದೊಂದು ಹಿಡಿ. ಅಂಗನವಾಡಿ ಬಿಟ್ಟ ಮೇಲೂ ಯಾವ ಮಗುವಿನ ತೋಳು ಸಣ್ಣಗಾಗಿದೆ ಎಂಬ ಲೆಕ್ಕ ಅವರ ಬೆರಳಿನಲ್ಲೇ ಇರುತ್ತಿತ್ತು. ಅಂಥ ಮಗುವಿನ ಮನೆಗೆ ತಾವೇ ಹೋಗಿ, "ಏನೇ, ನಿನ್ನ ಮಗೀಗೆ ಬರೀ ಅನ್ನ ತಿಳಿಸಾರು ಇಕ್ಕಿ ಇಕ್ಕಿ ನೀರ್ಮಜ್ಜಿಗೆ ಮಾಡಿದೀಯ" ಎಂದು ಬೈದು, ಸೆರಗಿನಿಂದ ಮೊಳಕೆ ಬಿಚ್ಚಿ ಕೊಟ್ಟು ಬರುತ್ತಿದ್ದರು.

ಒಮ್ಮೆ ತೋಟದಲ್ಲಿ ಹುರಳಿಯ ಗಿಡವೊಂದನ್ನು ಕಿತ್ತು ಬೇರಿನ ಮಣ್ಣು ಕೊಡವಿ ನನ್ನ ಮುಂದೆ ಹಿಡಿದರು. ಬೇರಿನ ಉದ್ದಕ್ಕೂ ಸಾಸಿವೆಯಷ್ಟು ಗಂಟುಗಳು. ಉಗುರಿನಿಂದ ಒಂದನ್ನು ಚಿವುಟಿ ಒಳಗಿನ ಕೆಂಪು ತೋರಿಸಿದರು.

"ನೋಡಿ, ಮೊಟ್ಟೆ ಇಕ್ಕೈತೆ. ನಿಮ್ಮನೆ ಒಸ್ಲು ದಾಟಿ ಮೊಟ್ಟೆ ಬರಂಗಿಲ್ಲ. ನಿಮ್ಮ ತೆಂಗಿನ ಮರ ಮಾತ್ರ ದಿನಾ ಕದ್ದು ತಿಂತೈತೆ."

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅತ್ತೆ ಅಡಿಗೆಮನೆಯಿಂದಲೇ "ಏಯ್, ಬಾಯ್ ಮುಚ್ಚೇ!" ಎಂದು ಗದರಿ, ತಾವೇ ಮೊದಲು ನಕ್ಕರು.

ಕಾಳು ಬಡಿದು ತೂರಿದ ದಿನ ಮೊದಲ ಹಿಡಿಯನ್ನು ಅವರು ನಮ್ಮ ಮನೆಗೆ ತರುತ್ತಿದ್ದರು. ಅತ್ತೆ ಅದನ್ನು ಬೂದಿಯಲ್ಲಿ ಕಲೆಸಿ, ಒಣಗಿದ ಸೋರೆಬುರುಡೆಗೆ ತುಂಬಿ, ಬಾಯಿಗೆ ಬಟ್ಟೆ ಗಿಡಿದು, ಕೊಬ್ಬರಿ ಅಟ್ಟದ ತೊಲೆಗೆ ನೇತುಹಾಕುತ್ತಿದ್ದರು. ಒಂದು ಬೀಜ ಎರಡು ಮನೆಯಲ್ಲಿರಬೇಕು, ಒಂದು ಮನೆಯಲ್ಲಿ ಹೋದರೆ ಇನ್ನೊಂದರಲ್ಲಿ ಸಿಗಲಿ ಎಂಬುದು ಅವರಿಬ್ಬರ ಕ್ರಮ. ಅದನ್ನು ಯಾರೂ ನನಗೆ ಕೂರಿಸಿಕೊಂಡು ಹೇಳಲಿಲ್ಲ, ನಿಜ. ಆದರೆ ವರ್ಷವರ್ಷವೂ ಕಣ್ಣೆದುರು ನಡೆದದ್ದನ್ನು ಹೇಳಬೇಕೇ? ಸೀರೆಯ ಅಂಚಿನ ಹೊಲಿಗೆ ಒಂದು ಬಿಟ್ಟಿದ್ದರೆ ಗಮನಿಸುವ ನಾನು ಇದನ್ನು ಗಮನಿಸಲಿಲ್ಲ ಎಂದರೆ ಯಾರು ನಂಬುತ್ತಾರೆ?

ಅತ್ತೆ ಹೋದರು. ಮೊದಲ ಹಿಡಿ ನನ್ನ ಕೈಗೆ ಬರತೊಡಗಿತು. "ಇದು ಮನೇದು. ಮಡಿಕ್ಕಳಿ ಅಮ್ಮಾರೆ" ಎಂದು ನನ್ನ ಅಂಗೈಗೆ ಸುರಿದು, ನನ್ನ ಬೆರಳುಗಳನ್ನು ತಾವೇ ಮಡಿಸುತ್ತಿದ್ದರು. ನಾನು ಅದನ್ನು ಪ್ರೀತಿಯ ಕಾಣಿಕೆ ಎಂದುಕೊಂಡೆ. ಕಾಣಿಕೆ ಬಂದ ಕಾಳನ್ನು ಏನು ಮಾಡುತ್ತಾರೆ? ಬೇಯಿಸಿದೆ. ಒಂದು ಸಲ ಆ ಸಾರನ್ನು ಹಿತ್ತಲ ಜಗುಲಿಯಲ್ಲಿ ಅವರಿಗೇ ಬಡಿಸಿದೆ. ಕಪ್ಪು ಸಾರನ್ನು ಕಂಡು ಅವರ ಕೈ ತಟ್ಟೆಯ ಮೇಲೆ ನಿಂತಿತು.

"ಇದ್ಯಾವ ಕಾಳು ಅಮ್ಮಾರೆ?"

"ನೀನು ಕೊಟ್ಟಿದ್ದೇ!" ಎಂದೆ ಹೆಮ್ಮೆಯಿಂದ.

"ಎಲ್ಲಾನೂ ಆಕಿಲ್ಲ ತಾನೆ?"

"ಇಲ್ಲ ಇಲ್ಲ. ಡಬ್ಬಿಯಲ್ಲಿ ಹುರಳಿ ಇದೆ."

ಡಬ್ಬಿಯಲ್ಲಿ ಹುರಳಿ ಇತ್ತು, ಅಂಗಡಿಯ ಹುರಳಿ. ಅರ್ಧ ನಿಜವೂ ಸುಳ್ಳೇ ಎಂದು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಹೇಳುತ್ತಿದ್ದರು. ಆ ವಿಷಯದಲ್ಲಿ ನಾನು ಯಾವಾಗಲೂ ಮೊದಲಿಗಳು. ಮುಂದಿನ ವರ್ಷದ ಹಿಡಿಯೂ, ಅದರ ಮುಂದಿನದೂ ಹೀಗೇ ಕುಕ್ಕರಿಗೆ ಹೋದವು.

ಆ ನಡುವೆ ನನಗೆ ಸುಸ್ತು ಹೆಚ್ಚಾಗಿ ತಿಪಟೂರಿನಲ್ಲಿ ಡಾಕ್ಟರಿಗೆ ತೋರಿಸಿದಾಗ ಪ್ರೋಟೀನ್ ಸಾಲದು ಎಂದರು. ಚಿತ್ರವಿರುವ ದೊಡ್ಡ ಡಬ್ಬಿಯ ಪುಡಿ ತಂದೆ. ಅವರು ಡಬ್ಬಿ ತಿರುಗಿಸಿ ನೋಡಿ, ಮುಚ್ಚಳ ತೆಗೆದು ಮೂಸಿ, "ಇದು ಯಾವ ಗಿಡದಾಗೆ ಬಿಡ್ತದೆ?" ಎಂದು ಕೇಳಿದರು. ಆಮೇಲೆ ಎರಡು ತಿಂಗಳು ದಿನ ಬಿಟ್ಟು ದಿನ, ಬಟ್ಟೆಯಲ್ಲಿ ಕಟ್ಟಿದ ಮೊಳಕೆಹುರಳಿ ನಮ್ಮ ಹಿತ್ತಲ ಬಾಗಿಲ ಚಿಲಕಕ್ಕೆ ನೇತಾಡುತ್ತಿತ್ತು. ತಿಂದೆ. ಸುಸ್ತು ಹೋಯಿತು. ಕೇಳಿದವರಿಗೆ ಪುಡಿಯಿಂದ ಎಂದು ಹೇಳಿದೆ.

ಈಗ ಆ ವರ್ಷದ ಮಾತು. ಉತ್ತರೆ ಮಳೆ ಹನಿಯಿತೆಂದು ಅವರು ಬಿತ್ತಿದರು. ಮೊಳಕೆ ಬಂದ ಮೇಲೆ ಮಳೆ ಮುಖ ತೋರಿಸಲಿಲ್ಲ, ಪೈರು ಸುಟ್ಟುಹೋಯಿತು. ಚಿತ್ತೆಯಲ್ಲಿ ಮತ್ತೆ ಬಿತ್ತಿದರು. ಅವತ್ತು ತಮ್ಮ ಮನೆಯ ಖಾಲಿ ಬುರುಡೆಯನ್ನು ನನ್ನೆದುರು ತಲೆಕೆಳಗು ಮಾಡಿ ತಟ್ಟಿ, "ತಳ ಕಂಡೋಯ್ತು ಅಮ್ಮಾರೆ. ಮನೇಲಿದ್ದ ಕಡೇ ಕಾಳೂ ಮಣ್ಣಿಗೆ ಬಿತ್ತು. ನಿಮ್ಮನೇಲಿ ಒಂದಿಡಿ ಐತಲ್ಲ, ಅದೇ ದೈರ್ಯ" ಎಂದರು. ನಾನು ಹೂಂ ಎಂದೆ. ಬೆಳ್ಳುಳ್ಳಿ ಬಿಡಿಸುತ್ತಿದ್ದೆ.

ಎರಡನೆಯ ಬಿತ್ತನೆ ಚೆನ್ನಾಗಿ ಬಂತು. ಕಾರ್ತಿಕದ ಹೊತ್ತಿಗೆ ಸಾಲುಗಳ ತುಂಬ ಹಳದಿ ಹೂ. ಆಗ ಅವರ ಮಗಳಿಗೆ ಹೆರಿಗೆಯ ದಿನ ಹತ್ತಿರವಾಗಿ ಹುಳಿಯಾರಿಗೆ ಹೋದರು. ನಮ್ಮವರೂ ಊರಲ್ಲಿರಲಿಲ್ಲ. ಮರಗಳಲ್ಲಿ ಕಾಯಿ ಸಣ್ಣಗಾಗುತ್ತಿದೆ ಎಂದು ನಮ್ಮವರು ಗೊಣಗುತ್ತಿದ್ದುದು ನನ್ನ ತಲೆಯಲ್ಲಿತ್ತು. ಹಸಿರೆಲೆ ಗೊಬ್ಬರದ ಪೈರನ್ನು ಹೂವಿನ ಹಂತದಲ್ಲೇ ಉತ್ತು ಮಣ್ಣಿಗೆ ಸೇರಿಸಬೇಕು ಎಂದು ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದೆ. ನೋಡಿದ್ದು ಸರಿಯೇ. ಗೊಬ್ಬರಕ್ಕೆಂದು ಬಿತ್ತಿದವರು ಹಾಗೇ ಮಾಡುತ್ತಾರೆ. ಇದು ಊಟಕ್ಕೆಂದು ಬಿತ್ತಿದ್ದು ಎಂಬುದು ನನಗೆ ಹೊಳೆಯಲಿಲ್ಲ ಎಂದರೆ ಅದು ಇನ್ನೊಂದು ಅರ್ಧ ನಿಜ. ಹೊಳೆದಿತ್ತು. ಒಂದು ವರ್ಷಕ್ಕೆ ಏನಾಗುತ್ತದೆ, ಬೇಕಾದರೆ ಅಂಗಡಿಯಿಂದ ತರಿಸಿಕೊಟ್ಟರಾಯಿತು ಎಂದುಕೊಂಡಿದ್ದೆ. ನಮ್ಮವರು ಬಂದು 'ಪರವಾಗಿಲ್ಲವೇ ನೀನು' ಎನ್ನಬೇಕಾಗಿತ್ತು ನನಗೆ.

ಉಳಲು ಕರೆಸಿದ ಟ್ರ್ಯಾಕ್ಟರಿನವನು ಬದುವಿನ ಮೇಲೆ ಇಂಜಿನ್ ನಿಲ್ಲಿಸಿ ಕೆಳಗಿಳಿದು ಬಂದ. "ಅಮ್ಮಾರೆ, ಹೂ ನಿಂತೈತಲ್ಲ. ಆಯಮ್ಮಂಗೆ ಒಂದ್ಮಾತು ಕೇಳಲ್ವಾ?"

"ತೋಟ ನಮ್ಮದಲ್ವಾ?" ಎಂದೆ.

ಮೆತ್ತಗೇ ಹೇಳಿದೆ. ನಾನು ಯಾರಿಗೂ ಗಟ್ಟಿಯಾಗಿ ಮಾತಾಡಿದವಳಲ್ಲ. ಅವನು "ನಿಮ್ಮಿಷ್ಟ ಕಣ್ರವ್ವ" ಎಂದು ಹೋಗಿ ಇಂಜಿನ್ ಹಚ್ಚಿದ. ಮಧ್ಯಾಹ್ನದ ಹೊತ್ತಿಗೆ ತೋಟದ ತುಂಬ ಅರೆದ ಹಸಿಸೊಪ್ಪಿನ ವಾಸನೆ.

ಐದನೆಯ ದಿನ ಅವರು ಬಂದರು. ಹುರಳಿ ನಿಂತ ನೆಲವನ್ನು ಎಂದೂ ಚಪ್ಪಲಿಯಲ್ಲಿ ತುಳಿದವರಲ್ಲ. ಅವತ್ತೂ ಅಭ್ಯಾಸಬಲದಿಂದ ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಿಂತಿದ್ದರು. ನೆಲದಲ್ಲಿ ಏನೂ ಇರಲಿಲ್ಲ. ಬಗ್ಗಿ, ಮಣ್ಣಿನಿಂದ ಅರ್ಧ ಹೊರಗಿದ್ದ ಒಂದು ಬೇರನ್ನು ಎಳೆದು ನೋಡಿದರು. ನಾನು ವಿಡಿಯೊದ ವಿಷಯ ಹೇಳುತ್ತಾ ಹೋದೆ. ಎಲ್ಲವನ್ನೂ ಕೇಳಿಸಿಕೊಂಡರು.

"ಬುಡಿ ಅಮ್ಮಾರೆ," ಎಂದರು. "ತೆಂಗು ತಿಂದ್ಕಳ್ಳಿ, ಅದಕ್ಕೂ ಹಸಿವಾಯ್ತದೆ. ನನಗೆ ಮೊಮ್ಮಗಳು ಹುಟ್ಟೈತೆ, ಆ ಖುಸೀಲಿ ಇದ್ಯಾವ ಲೆಕ್ಕ. ಬೀಜ ಹೆಂಗೂ ನಿಮ್ಮನೇಲೈತಲ್ಲ."

ಬೆಳ್ಳುಳ್ಳಿ ಬಿಡಿಸುವಾಗ ಕೇಳಿದ್ದ ಮಾತು ಆಗ ನನ್ನೊಳಗೆ ಬಂದು ನಿಂತಿತು.

ಅಂದೇ ಅಟ್ಟ ಹತ್ತಿದೆ. ಅತ್ತೆಯ ಬುರುಡೆ ತೊಲೆಯಲ್ಲಿ ಹಾಗೇ ತೂಗುತ್ತಿತ್ತು. ಒಳಗಿದ್ದ ಬೂದಿಯನ್ನು ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದೆ. ಏಳು ಕಾಳು ಸಿಕ್ಕವು, ಏಳಕ್ಕೂ ತೂತು. ಶಾಲೆಯಲ್ಲಿ ಪ್ರಯೋಗ ಮಾಡಿಸುತ್ತಿದ್ದ ಹಾಗೆ ಒದ್ದೆ ಹತ್ತಿಯ ಮೇಲಿಟ್ಟು, ಬೇಡುತ್ತಾ ಕಾದೆ. ನಾಲ್ಕನೆಯ ದಿನ ವಾಸನೆ ಬಂತು.

ಅವರು ಬಂದಾಗಲೆಲ್ಲ ಕೇಳುತ್ತಿದ್ದರು. ಒತ್ತಾಯವಿಲ್ಲ, ದನ ಕರು ಹೇಗಿವೆ ಎಂದು ಕೇಳುವ ಹಾಗೆ. "ಅಮ್ಮಾರೆ, ಸಿಕ್ತಾ?" ನಾನು, "ಅಟ್ಟದಲ್ಲಿ ಕೊಬ್ಬರಿ ತುಂಬಿದೆ, ಇಳಿಸಿದ ಮೇಲೆ ಹುಡುಕುತ್ತೀನಿ." ಯುಗಾದಿಗೆ ಕೇಳಿದರು. ಕೊಬ್ಬರಿ ಇಳಿಸಿದ ವಾರ ಕೇಳಿದರು. ಬೇಯಿಸಿಬಿಟ್ಟೆ ಎಂಬ ಒಂದು ಪದ. ಬಾಗಿಲ ಹಿಂದೆ ನಿಂತು ಎಷ್ಟೋ ಸಲ ಅದನ್ನು ಅಭ್ಯಾಸ ಮಾಡಿದ್ದೇನೆ. ಅವರ ಮುಖ ಕಂಡರೆ, "ಕಾಫಿ ಕುಡೀತೀಯಾ?" ಎಂದು ಬರುತ್ತಿತ್ತು.

ಬಿತ್ತುವ ಕಾಲ ಹತ್ತಿರವಾದಾಗ ತಿಪಟೂರಿಗೆ ಹೋಗಿ ಅಂಗಡಿಯಲ್ಲಿ ಕರಿಹುರಳಿ ಕೇಳಿದೆ. "ಹುರಳೀಲಿ ಕರೀದು ಬಿಳೀದು ಅಂತ ಯಾವ ಕುದ್ರೆ ಕೇಳ್ತಮ್ಮ?" ಎಂದು ಅಂಗಡಿಯವನು ನಕ್ಕ. ಇದ್ದದ್ದನ್ನೇ ತಂದೆ. ಮೊರದಲ್ಲಿ ಹರಡಿ, ಸ್ವಲ್ಪ ಕಪ್ಪಾಗಿ ಕಾಣುವ ಕಾಳುಗಳನ್ನು ಒಂದೊಂದಾಗಿ ಆರಿಸಿದೆ. ಎರಡು ಮಧ್ಯಾಹ್ನ ಹಿಡಿಯಿತು. ಹರಳೆಣ್ಣೆ ಸವರಿದೆ, ಬಣ್ಣ ಇನ್ನಷ್ಟು ಗಾಢವಾಗಲಿ ಎಂದು. ಬೂದಿಯಲ್ಲಿ ಹೊರಳಿಸಿದೆ. ಕಡೆಗೆ ಅತ್ತೆಯ ಹಳೆಯ ಸೀರೆಯೊಂದನ್ನು ಹರಿದು ಅದರಲ್ಲಿ ಗಂಟು ಕಟ್ಟಿದೆ. ಇಷ್ಟು ಶ್ರದ್ಧೆಯಿಂದ ಜೀವನದಲ್ಲಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಅವರು ಜಗುಲಿಯಲ್ಲಿ ಕೂತು ಗಂಟು ಬಿಚ್ಚಿದರು. ಒಂದು ಕಾಳನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದರು. ಹಲ್ಲಿನಲ್ಲಿ ಕಡಿದರು. ಬಟ್ಟೆಯನ್ನು ನೋಡಿದರು. ಮತ್ತೆ ನಿಧಾನವಾಗಿ ಗಂಟು ಕಟ್ಟಿದರು.

"ದೊಡ್ಡಮ್ಮಾರ ಸೀರೆ."

"ಹೂಂ," ಎಂದೆ.

"ಒಳ್ಳೆ ಸೀರೆ ಹರಿದ್ಬುಟ್ರಿ."

ಅಷ್ಟೇ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಎದ್ದು ಹೋದರು.

ಅದನ್ನೇ ಬಿತ್ತಿದರು. ನೆರಳು ಗೊತ್ತಿಲ್ಲದ ಹುರಳಿ ಸೊಗಸಾಗಿ ಸೊಪ್ಪು ಬಿಟ್ಟಿತು, ಕಾಯಿ ಮರೆಯಿತು. ಎರಡು ಚೀಲ ಆಗುತ್ತಿದ್ದ ಕಡೆ ಅರ್ಧ ಚೀಲವೂ ಆಗಲಿಲ್ಲ. ಆ ಅರ್ಧದಲ್ಲೂ ಮೊದಲ ಹಿಡಿ ನಮ್ಮ ಮನೆಗೆ ಬಂತು. "ಇದು ಮನೇದು. ಮಡಿಕ್ಕಳಿ." ಅದೇ ಮಾತು, ಅದೇ ಬೆರಳು ಮಡಿಸುವುದು. ನಾನು ಬೂದಿಯಲ್ಲಿ ಕಲೆಸಿ ಅತ್ತೆಯ ಬುರುಡೆಗೆ ತುಂಬಿ ತೊಲೆಗೆ ಕಟ್ಟಿದೆ. ಹೀಗೆ ಮೂರು ವರ್ಷ. ಚಿಲಕಕ್ಕೆ ಮೊಳಕೆಯ ಗಂಟು ನೇತಾಡುವುದು ನಿಂತಿತ್ತು. ಓಣಿಯ ಮಕ್ಕಳಿಗೆ ಕೊಡುವುದನ್ನು ನಿಲ್ಲಿಸಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅರ್ಧ ಚೀಲದಲ್ಲಿ ಓಣಿಗೆ ಕೊಟ್ಟು, ಅವರು ಏನು ತಿನ್ನುತ್ತಿದ್ದರೋ ನಾನು ಕೇಳಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಆ ಚಿತ್ರದ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಹುಳಿಯಾರಿನಿಂದ ಆಗಾಗ ತಾಯಿಯ ಬಳಿ ಬಂದು ಹೋಗುತ್ತಿದ್ದ ಮಗಳು ಈಗ ಇಲ್ಲೇ ಉಳಿದಿದ್ದಳು. ಡಬ್ಬಿಯನ್ನು ಕಂಡು ಅವರ ಕಣ್ಣು ನಕ್ಕಿತು.

"ಗಿಡ ಸಿಕ್ತಾ ಅಮ್ಮಾರೆ, ಇದರದ್ದು?"

ಕೈ ಚಾಚಿ ನನ್ನ ರಟ್ಟೆ ಹಿಡಿದರು. "ಪರ್ವಾಗಿಲ್ಲ. ತುಂಬ್ಕಂಡಿದೀರಿ." ಏನೋ ಮಾಡಲು ಹೋಗಿ ನಾನೂ ಅವರ ತೋಳಿಗೆ ಬೆರಳು ತೊಡಿಸಿದೆ. ನನ್ನ ಹೆಬ್ಬೆರಳು ನಡುಬೆರಳಿನ ಮೇಲೆ ಹತ್ತಿ ಕೂತಿತು. ಹೇಳಬೇಕೆಂದು ಹೋದದ್ದು ಬೇರೆ. "ಹಾಲಿನಲ್ಲಿ ಎರಡು ಚಮಚ ಕಲೆಸಿ ಕೊಡಬೇಕು" ಎಂದು ಮಗಳಿಗೆ ಹೇಳಿ ಎದ್ದು ಬಂದೆ. ಹತ್ತನೆಯ ದಿನಕ್ಕೆ ಸುದ್ದಿ ಬಂತು.

ಹೋದ ವಾರ ಉತ್ತರೆ ಮಳೆ ಹನಿಯಿತು. ಮಾರನೆಯ ಬೆಳಿಗ್ಗೆ ಆ ಮಗಳು ಹಿತ್ತಲ ಬಾಗಿಲಿಗೆ ಬಂದಳು, ಸೊಂಟದಲ್ಲಿ ಕಿರಿಯ ಮಗು.

"ಅಮ್ಮಾರೆ, ಸಾಲ್ನಾಗೆ ನಾನು ಬಿತ್ಕಳನಾ ಅಂತ. ಬೀಜ ನಿಮ್ಮನೇಲೈತೆ, ಹೋಗಿ ಇಸ್ಕಂಬಾ ಅಂತ ಅವ್ವ ಹೇಳಿದ್ಲು."

ಅಟ್ಟ ಹತ್ತಿ ಬುರುಡೆ ಇಳಿಸಿದೆ. ಮೊರಕ್ಕೆ ಸುರಿದೆ. ಬೂದಿಯ ನಡುವೆ ಕಂದು ಕಾಳು. ಅವಳು ಅದನ್ನೇ ನೋಡುತ್ತಾ ನಿಂತಳು. ಮೂರು ವರ್ಷ ಬಾಗಿಲ ಹಿಂದೆ ಅಭ್ಯಾಸ ಮಾಡಿದ್ದು ಈಗಲಾದರೂ ಬರಬೇಕಿತ್ತು. ಅರ್ಧ ಬಂತು.

"ಇದು ನಿಮ್ಮಮ್ಮನ ಕರಿಹುರಳಿ ಅಲ್ಲ. ಅದು ನನ್ನಿಂದ ಹೋಯಿತು. ಇದು ತಿಪಟೂರಿನ ಅಂಗಡಿಯದು. ಅದೇ ಎಂದು ಸುಳ್ಳು ಹೇಳಿ ಕೊಟ್ಟಿದ್ದೆ."

ಅವಳು ಮೊರದ ಮೇಲೆ ಬಾಗಿ ಬೂದಿ ಊದಿದಳು. ಮಗುವಿನ ಕಣ್ಣಿಗೆ ಹೋಗದಂತೆ ಸೆರಗು ಅಡ್ಡ ಹಿಡಿದಿದ್ದಳು.

"ಅವ್ವ ಇದನ್ನ ಬಿತ್ತಿದ್ಲಾ?"

"ಮೂರು ವರ್ಷ."

"ಅಂಗಾದ್ರೆ ಕೊಡಿ."

ಕಾಳನ್ನು ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದಳು. ಬಾವಿಯವರೆಗೆ ಹೋದವಳು ತಿರುಗಿ ಬಂದಳು. ಸೆರಗು ಬಿಚ್ಚಿ, ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಇದು ಮನೇದು," ಎಂದಳು. "ಈ ಸಲ ಬೇಯ್ಸಬೇಡಿ ಅಮ್ಮಾರೆ."

ಬೇಯಿಸಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ.